ನೆಟ್ಟಿನ ವಾಯರಿನ ಮೇಲೆ ಶಾವಿಗೆ

"ಮಷೀನು ಕೆಟ್ಟೈತಿ, ಬಾ ಅಂತ ಕರೀತಾರ್ರಿ. ನಾ ಹೋದಕೂಡ್ಲೇ ಮಷೀನು ಮುಟ್ಟೂದಿಲ್ಲ. ಮದ್ಲ ಚಾ ಕುಡೀತೇನಿ. ನಿನ್ನೆ ಮನ್ಯಾಗ ಏನೇನಾತು ಅಂತ ಕೇಳ್ತೇನಿ. ಸುಣ್ಣಾ ಹಚ್ಚಿದ್ರೇನು, ಕಪಾಟ ಸರಿಸಿದ್ರೇನು? 'ನಾವೇನೂ ಮಾಡಿಲ್ಲವಾ' ಅಂತಾರ. ಸುಳ್ಳು ಹೇಳೂದಿಲ್ಲರಿ, ಅಂಜಿರ್ತಾರ. ಅಂಜಿಕಿ ಬಿಡಿಸಿದ್ರ ಅರ್ಧಾ ರಿಪೇರಿ ಆದಂಗ."

ತಿಳವಳ್ಳಿಯ ಸವಿತಾ ಹೀಗೆ ಹೇಳುವವಳು. ಹಾನಗಲ್ಲಿನ ಅಂಗಡಿಯೊಂದರಲ್ಲಿ ಆರು ವರ್ಷ ಕಂಪ್ಯೂಟರು ಬಿಚ್ಚಿ ಜೋಡಿಸಿ ಕಲಿತು, ಈಗ ಸ್ಕೂಟಿಯ ಮೇಲೆ ತಿರುಗಿ ಮನೆಮನೆಯ ಕಂಪ್ಯೂಟರು, ನೆಟ್ಟು ಸರಿಮಾಡುತ್ತಾಳೆ.

ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಕನಕಪ್ಪ ಫೋನು ಮಾಡಿದ. ಅವನ ಮಗಳು ಜಯಶ್ರೀ ನರ್ಸಿಂಗ್ ಸೀಟಿಗೆ ಕಾಲೇಜು ಆರಿಸಿ ಐದರೊಳಗೆ ಅರ್ಜಿ ಕಳಿಸಬೇಕಿತ್ತು. ನೆಟ್ಟಿನ ಡಬ್ಬಿಯಲ್ಲಿ ಕೆಂಪು ದೀಪ. ಅವರ ಓಣಿಯಲ್ಲಿ ಮೊಬೈಲಿನಲ್ಲಿ ಮಾತಾಡಬಹುದು, ನೆಟ್ಟು ಮಾತ್ರ ಬರದು. ಪೇಟೆಯ ಕಂಪ್ಯೂಟರ್ ಅಂಗಡಿಗೆ ಬೀಗ.

ಸವಿತಾ ಬಂದು ಡಬ್ಬಿ ಆರಿಸಿ ಹಚ್ಚಿದಳು. ಕೆಂಪು ಹೋಗಲಿಲ್ಲ. ಜಯಶ್ರೀ ಕಣ್ಣೊರೆಸಿಕೊಳ್ಳುತ್ತ ಗಡಿಯಾರ ನೋಡುತ್ತಿದ್ದಳು. ಕನಕಪ್ಪನ ತಾಯಿ ಗುತ್ತೆವ್ವ ಮಾತ್ರ ಅಡುಗೆಮನೆಯ ಬಾಗಿಲು ಬಿಟ್ಟು ಮುಂದೆ ಬರಲಿಲ್ಲ. ಕೈಗೆಲ್ಲ ಹಿಟ್ಟು ಮೆತ್ತಿತ್ತು.

"ಆಯಿ, ಏನು ಮಾಡಾಕತ್ತೀರಿ?"

"ಶಾವಿಗಿ ಹೊಸಿಯಾಕತ್ತೇನವಾ."

"ಎಲ್ಲಿ ಒಣಾ ಹಾಕೀರಿ?"

ಮುದುಕಿ ಮಗನ ಮುಖ ನೋಡಿದಳು. "ಶಾವಿಗಿ ಕೋಲು ಇವ ಒಯ್ದು ಟೊಮ್ಯಾಟೊ ಗಿಡಕ್ಕ ಊರ್ಯಾನ. ಹಿತ್ತಲದಾಗ ಕರೀ ಹಗ್ಗ ಜೋಲು ಬಿದ್ದಿತ್ತು. ಜಗ್ಗಿ ಮೊಳಿಗೆ ಸುತ್ತೇನಿ."

"ಯವ್ವಾ, ಅದು ನೆಟ್ಟಿನ ವಾಯರು! ಹುಡುಗಿ ಸೀಟು ಶಾವಿಗ್ಯಾಗ ಹೋತು!" ಕನಕಪ್ಪ ಕೂಗಿದ.

"ಕಾಕಾ, ಕೋಲು ಒಯ್ದವ್ರು ಯಾರ್ರಿ?" ಎಂದಳು ಸವಿತಾ.

ಹಿತ್ತಲಲ್ಲಿ ಹಸಿ ಶಾವಿಗೆಯ ಭಾರಕ್ಕೆ ವಾಯರು ಮೊಳೆಗೆ ಬಿಗಿದು ಮಡಚಿಕೊಂಡಿತ್ತು. "ಇದರೊಳಗ ಗಾಜಿನ ಎಳಿ ಐತಿ ಆಯಿ, ನಿಮ್ಮ ಶಾವಿಗಿಗಿಂತ ಸಣ್ಣದು. ಅದರಾಗ ಬೆಳಕು ಓಡತೈತಿ. ಮಡಚಿದ್ರ ಹಾಯೂದಿಲ್ಲ. ಮುರಿದಿದ್ರ ಇವತ್ತ ಆಗೂದಿಲ್ಲ."

"ಶಾವಿಗಿ ಮಣ್ಣಾಗ ಬೀಳಲಿ, ಬಿಚ್ಚವಾ ನೀ!" ಎಂದಳು ಗುತ್ತೆವ್ವ.

ಸವಿತಾ ಒಂದೊಂದೇ ಸುತ್ತು ಬಿಚ್ಚಿದಳು. ಕಡೆಯ ಸುತ್ತು ಸಡಿಲವಾದಾಗ ಒಳಗಿನಿಂದ ಜಯಶ್ರೀ ಕೂಗಿದಳು: "ಅಕ್ಕಾ, ಹಸಿರಾತು!"

ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಅರ್ಜಿ ಹೋಯಿತು. ಕನಕಪ್ಪ ಮಲಗುವ ಹೊರಸು ತಂದು ಹಿತ್ತಲಲ್ಲಿ ನಿಲ್ಲಿಸಿದ. ಮಣ್ಣು ತಾಗದೆ ಉಳಿದ ಶಾವಿಗೆಯನ್ನು ಗುತ್ತೆವ್ವ ಎತ್ತಿಕೊಟ್ಟಳು. ಸವಿತಾ ಎಳೆ ಎಳೆ ಬಿಡಿಸಿ ಹೊರಸಿನ ಪಟ್ಟಿಯ ಮೇಲೆ ಹಾಕತೊಡಗಿದಳು.