ದುರ್ಗಪ್ಪನವರ ಪಾಸ್ ಹಲಗೆ

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೀಲು ಎಣಿಸಿದ ದುರ್ಗಪ್ಪನವರು ನಿವೃತ್ತರಾದರು. ಎಣಿಸುವ ಚಟ ನಿವೃತ್ತವಾಗಲಿಲ್ಲ. ಬಡಾವಣೆಯ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆದ ಮರುದಿನವೇ ಕಂಬಕ್ಕೊಂದು ಹಲಗೆ ನೇತುಹಾಕಿದರು. ಯಾರು ಎಷ್ಟು ಪಾಸ್ ಕೊಟ್ಟರೆಂಬ ದಿನದ ಉತ್ಪಾದನೆ ಅದರ ಮೇಲೆ. ಹೆಚ್ಚು ಕೊಟ್ಟವಳಿಗೆ ಆಟ, ಕಡಿಮೆ ಕೊಟ್ಟವಳಿಗೆ ಬೆಂಚು.

ಹುಡುಗಿಯರೇನು ದಡ್ಡಿಯರೇ? ನಿರ್ಮಲಾ ಪಕ್ಕದಲ್ಲೇ ನಿಂತ ಶಿವವ್ವನಿಗೆ ಕೊಟ್ಟಳು, ಶಿವವ್ವ ತಿರುಗಿ ಕೊಟ್ಟಳು. ಗಿರಾಕಿ ಬಾರದ ಅಂಗಡಿಯಲ್ಲಿ ಮಾಲು ಒಂದು ಕಪಾಟಿನಿಂದ ಇನ್ನೊಂದಕ್ಕೆ ಸಾಗಿದ ಹಾಗೆ ಚೆಂಡು ಸಾಗಿತು. ಒಂದು ಅಭ್ಯಾಸ ಪಂದ್ಯದಲ್ಲಿ ನಿರ್ಮಲಾಳದು ಎಂಬತ್ತು ಪಾಸ್. ಸಾಂಬ್ರಾಣಿಯಿಂದ ಬಸ್ಸಿನಲ್ಲಿ ಬರುವ ಸುಮನಳದು ಹತ್ತೊಂಬತ್ತೇ. ಅದರಲ್ಲಿ ನಾಲ್ಕು ಎದುರಾಳಿಗಳ ಕೈಗೆ ಹೋದವು, ಎಂಟು ಬಾಸ್ಕೆಟ್ ಆದವು. ಬಾಸ್ಕೆಟ್ ಆದದ್ದನ್ನು ಬರೆಯಲು ಹಲಗೆಯಲ್ಲಿ ಜಾಗವೇ ಇರಲಿಲ್ಲ.

ಹಳಿಯಾಳದಲ್ಲಿ ನಡೆದ ಪಂದ್ಯ ನೋಡಲು ಜಿಲ್ಲಾ ತಂಡ ಆರಿಸುವ ಶೈಲಾ ಮೇಡಂ ಬಂದರು. ದಾಂಡೇಲಿಯಿಂದ ಒಬ್ಬಳಿಗಷ್ಟೇ ಅವಕಾಶ. ಸುಮನ ಬೆಂಚಿನ ಮೇಲಿದ್ದಳು. ಅರ್ಧ ಆಟಕ್ಕೆ ನಮ್ಮವರ ಪಾಸ್ ನೂರಾ ಅರವತ್ತು, ಅಂಕ ಆರು. ಎದುರಿನವರಿಗೆ ಹದಿನಾಲ್ಕು.

"ಸರ್, ಚೆಂಡು ಬರೇ ಊರು ತಿರಗಾಕ ಹತ್ತೇತಿ. ನನ್ನ ಇಳಸ್ರಿ," ಎಂದಳು ಸುಮನ.

"ನಿಂದು ನಾಕು ವೇಸ್ಟ್ ಐತಲ್ಲವಾ."

"ನಾಕು ಹೋದ್ರ ಎಂಟು ಬಾಸ್ಕೆಟ್ ಆದೂವಲ್ರಿ. ನಿರ್ಮಲಾಂದು ಎಂಬತ್ತರಾಗ ಎಷ್ಟು ಆದೂವು, ಹೇಳ್ರಿ?"

ದುರ್ಗಪ್ಪನವರು ಹಲಗೆಯ ಲೆಕ್ಕ ಇಳಿಸಿಕೊಂಡಿದ್ದ ಹಾಳೆ ತಿರುವಿದರು. ಉತ್ತರ ಹಾಳೆಯಲ್ಲಿರಲಿಲ್ಲ, ನೆನಪಿನಲ್ಲಿತ್ತು: ಒಂದು. ಅದೂ ಶಿವವ್ವ ಕಣ್ಣು ಮುಚ್ಚಿ ಎಸೆದದ್ದು.

ಇಳಿಸಿದರು. ಸುಮನ ಕೊಟ್ಟದ್ದು ಹನ್ನೊಂದು ಪಾಸ್. ಆರಕ್ಕೆ ಅಂಕ ಬಂತು. ಪಂದ್ಯವೇನೋ ಸೋತರು, ಆದರೆ ಮೂರೇ ಅಂಕದಿಂದ.

"ಆ ಕೋರ್ಟಿನಾಗ ಇನ್ನೊಂದು ಆಟ ಇತ್ರಿ, ನಿಮ್ಮದು ಪೂರಾ ನೋಡಾಕ ಆಗಲಿಲ್ಲ," ಎಂದು ಶೈಲಾ ಮೇಡಂ ಕೈ ಚಾಚಿದರು. "ನಿಮ್ಮ ಹಾಳಿ ಕೊಡ್ರಿ. ಮ್ಯಾಲಿದ್ದಾಕಿನ್ನ ತೊಗೊಂತೇನಿ."

ಮೂರು ತಿಂಗಳ ಲೆಕ್ಕ, ಕೆಂಪು ಗೆರೆ, ಮುತ್ತಿನಂಥ ಅಂಕಿ. ಮೇಲೆ ನಿರ್ಮಲಾ.

"ಈ ಹಾಳಿ ತಪ್ಪೈತ್ರಿ ಮೇಡಂ."

"ಯಾರು ಬರದಾರ?"

ದುರ್ಗಪ್ಪನವರು ಕೆಮ್ಮಿದರು. "ನಾನs ರೀ. ಬಾಸ್ಕೆಟ್ ಆದ ಪಾಸ್ ಎಣಸಬೇಕಿತ್ತು. ಸುಮನಾನ್ನ ತೊಗೊಳ್ರಿ."

ಮೇಡಂ ಸುಮನಳ ಹೆಸರು ಬರೆದುಕೊಂಡರು.

ವಾಪಸ್ ಬಸ್ಸಿನಲ್ಲಿ ನಿರ್ಮಲಾ ಮುಖ ಉಬ್ಬಿಸಿಕೊಂಡು ಕೇಳಿದಳು, "ನೀವು ಹೇಳಿದಂಗನs ಮಾಡೇನಲ್ರಿ ಸರ್?"

"ಹೌದವಾ," ಎಂದರು ದುರ್ಗಪ್ಪನವರು. "ಅದಕ್ಕs ಸೋತ್ವಿ."