ಒಂದೇ ಗಾಜಿನ ಕಡ್ಡಿ

ನಲವತ್ತೇಳನೆಯ ಇಸವಿ ಮುಗಿದು ನಲವತ್ತೆಂಟು ಹಿಡಿದಿತ್ತು. ಜೋಳದ ರಾಶಿ ನಡೆದಿದ್ದ ದಿನಗಳು. ದವಾಖಾನೆಯ ಕಂಪೌಂಡರನಾಗಿ ನಾನು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳನ್ನು ಸರದಿಯ ಮೇಲೆ ತಿರುಗುತ್ತಿದ್ದೆ. ಆ ವರ್ಷ ಕಣ್ಣುಬೇನೆ ಜೋರಾಗಿತ್ತು. ಯಾವ ಊರಲ್ಲಿ ಎಷ್ಟು ಜನರಿಗೆ ಕಣ್ಣು ಬಂದಿದೆ, ಕಾರಣವೇನು ಎಂದು ರಿಜಿಸ್ಟರಿನಲ್ಲಿ ಬರೆಯುವುದೂ ನನ್ನ ಕೆಲಸವೇ. ಆಳಂದದ ಕಡೆ ರಾಶಿಯ ಧೂಳು ಎಂದು ಬರೆದೆ. ಗಾಣಗಾಪುರದಲ್ಲಿ ಯಾತ್ರಿಕರ ದಟ್ಟಣೆ, ನೊಣ. ಜೇವರ್ಗಿಯ ಕಡೆ ಒಲೆಯ ಹೊಗೆ.

ನನ್ನ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯಿತ್ತು. ರೋಗಿಗಳು ಸಾಲಾಗಿ ಕೂಡಬೇಕು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಗಾಜಿನ ಕಡ್ಡಿಯಿಂದ ಮುಲಾಮು ಹಚ್ಚಿ, ಹೆಗಲ ಮೇಲಿನ ಬಿಳಿ ಬಟ್ಟೆಯಿಂದ ಕಡ್ಡಿಯನ್ನು ಮೂರು ಸಲ ಒರೆಸಿ, ಮುಂದಿನವರನ್ನು ಕರೆಯುತ್ತಿದ್ದೆ. ಬಟ್ಟೆ ದಿನಾ ಬೆಳಿಗ್ಗೆ ಒಗೆದದ್ದು. ಮನೆಮಂದಿಗೆಲ್ಲ ಒಂದೇ ಕಡ್ಡಿಯಿಂದ ಕಾಡಿಗೆ ಹಚ್ಚುವ ತಾಯಂದಿರನ್ನು ಎಲ್ಲರೆದುರು ಬೈಯುತ್ತಿದ್ದೆ.

ಕೊಳಕೂರಿನಲ್ಲಿ ಒಬ್ಬ ಹೆಂಗಸು ಬಂದಳು. ಸಿಡುಬಿನಲ್ಲಿ ಬಲಗಣ್ಣು ಹೋಗಿತ್ತು. ಉಳಿದ ಎಡಗಣ್ಣಿಗೆ ಹೊಟ್ಟು ಬಿದ್ದಿತ್ತು.

“ನನಗ ಕಣ್ಣು ಬಂದಿಲ್ಲರಿ ಸಾಹೇಬ್ರ. ನೀರು ಹಾಕಿ ಹೊಟ್ಟು ತೆಗೀರಿ, ಸಾಕು. ಇರೋದು ಒಂದಽ ಅದ.”

“ಸಾಲಿನ್ಯಾಗ ಕೂಡು ಬೇ. ಎಲ್ಲಾರಿಗೂ ಒಂದಽ ಕಾಯ್ದೆ,” ಎಂದೆ.

ಹಿಂದಿದ್ದವಳೊಬ್ಬಳು ನಕ್ಕಳು. “ಕೂಡಕ್ಕಾ, ನಿಂದು ಒಂದಽ ಕಣ್ಣು, ಲಗೂ ಮುಗೀತದ.”

ಅವಳೂ ನಕ್ಕು ಕೂತಳು. ಅವಳ ಮುಂದಿದ್ದ ಮುದುಕನ ಕಣ್ಣಲ್ಲಿ ಕೀವು ತುಂಬಿತ್ತು. ಅವನಿಗೆ ಹಚ್ಚಿದೆ, ಕಡ್ಡಿ ಒರೆಸಿದೆ, ಇವಳಿಗೆ ಹಚ್ಚಿದೆ.

ಮುಂದಿನ ಸರದಿಗೆ ಕೊಳಕೂರಿಗೆ ಹೋದಾಗ ಆ ಹೆಂಗಸನ್ನು ಅವಳ ನಾದಿನಿ ಕೈಹಿಡಿದು ಕರೆತಂದಳು. ಕಣ್ಣಿನ ತುಂಬ ಬಿಳಿ ಹೂವು ಬಿದ್ದು ನೋಟ ಹೋಗಿತ್ತು. “ನೀವು ಹೋಗಿ ಎರಡು ದಿನಕ್ಕ ಕಣ್ಣು ಬಂತ್ರಿ,” ಎಂದಳು ನಾದಿನಿ.

ಹೆಂಗಸಿನ ದನಿಯಲ್ಲಿ ಸಿಟ್ಟಿರಲಿಲ್ಲ. “ಮನಿಗೆಲ್ಲ ಕಾಡಿಗಿ ಕಡ್ಡಿ ಒಂದಽ ಅಂತ ಬೈದ್ರಲ್ಲರಿ. ನಿಮ್ಮ ಕಡೆ ಎಷ್ಟು ಕಡ್ಡಿ ಅದಾವರಿ?”

ಮುಕ್ಕಾಮಿಗೆ ಬಂದು ರಿಜಿಸ್ಟರು ತೆಗೆದೆ. ನಾನು ಮೊದಲ ಸಲ ಹೋದಾಗ ಪ್ರತಿ ಹಳ್ಳಿಯಲ್ಲೂ ಕೆಲವರಿಗೆ ಮಾತ್ರ ಬೇನೆ. ಎರಡನೆಯ ಸಲಕ್ಕೆ ಓಣಿಗೆ ಓಣಿಯೇ ಬಿದ್ದಿತ್ತು. ಮೊದಲ ಸರದಿಯಲ್ಲಿ ಅಂದೋಲಾ ಎಂಬ ಹಳ್ಳಿಗೆ ಹೋಗುವುದು ತಪ್ಪಿತ್ತು. ಅಲ್ಲೂ ಧೂಳು, ನೊಣ, ಹೊಗೆ ಇದ್ದವು, ಬೇನೆ ಹಬ್ಬಿರಲಿಲ್ಲ. ಮೂರು ತಾಲೂಕಿನಲ್ಲಿ ರೋಗ ನಡೆದ ದಾರಿ ನಾನು ನಡೆದ ದಾರಿಯೇ ಆಗಿತ್ತು. ಆದರೂ ಅವಳ ಹೆಸರಿನೆದುರು ಕಾರಣದ ಅಂಕಣದಲ್ಲಿ ‘ಹೊಟ್ಟು’ ಎಂದೇ ಬರೆದೆ.

ಮರುದಿನ ಅದೇ ಊರಲ್ಲಿ ನೀರು ಕಾಯಿಸಿ, ಒಬ್ಬೊಬ್ಬರಿಗೂ ಕಡ್ಡಿ ಕುದಿಸಿ ಹಚ್ಚಿದೆ. ಸಾಲು ಬೇಗ ಸಾಗಲಿಲ್ಲ.

“ಇದ್ಯಾವ ಹೊಸಾ ಪದ್ಧತಿರಿ?” ಎಂದು ಒಬ್ಬ ಕೇಳಿದ.

“ಮ್ಯಾಲಿಂದ ಹುಕುಂ ಬಂದದ,” ಎಂದೆ.

ಕಣ್ಣು ಹೋದ ಆ ಹೆಂಗಸು ಕಟ್ಟೆಯ ಮೇಲೆ ಕೂತಿದ್ದಳು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ನಾನು ಮುಂದಿನವರನ್ನು ಕರೆದೆ.