ಪೆಟ್ಟಿಗೆ ಖಾಲಿ, ಮಡಿಲು ಭರ್ತಿ

ಊಟದ ಕ್ಯಾರಿಯರ್ ಬೀಳಲಿಲ್ಲ, ನಾನೇ ಬಿಟ್ಟೆ. ಬಿಡದೆ ಇದ್ದಿದ್ದರೆ ನಾನು ಬೀಳುತ್ತಿದ್ದೆ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟೇ.

ಚಿಕ್ಕಲಸಂದ್ರದ ನಮ್ಮ ಮನೆಯಿಂದ ಜೆ.ಪಿ. ನಗರದ ನನ್ನ ತಂಗಿ ಗೌರಿಯ ಮನೆಗೆ ಏಳೆಂಟು ಕಿಲೋಮೀಟರು. ಬಸ್ಸಾದರೆ ಬನಶಂಕರಿಯಲ್ಲಿ ಇಳಿದು ಇನ್ನೊಂದು ಹತ್ತಬೇಕು. ಗೌರಿ ಜ್ವರ ಬಂದು ಆಸ್ಪತ್ರೆ ಸೇರಿ, ಮನೆಗೆ ಬಂದು ನಾಲ್ಕು ದಿನವಾಗಿತ್ತು. ಅರ್ಧ ಲೋಟ ಗಂಜಿ ಬಿಟ್ಟರೆ ಏನೂ ಒಳಗೆ ಇಳಿಯುತ್ತಿರಲಿಲ್ಲ. ಶನಿವಾರ ಫೋನಿನಲ್ಲಿ, "ಅಕ್ಕ, ನಿನ್ನ ಕೈಯ ನುಚ್ಚಿನುಂಡೆ, ಮಜ್ಜಿಗೆಹುಳಿ ತಂದ್ರೆ ತಿಂತೀನಿ ನೋಡು" ಎಂದಳು. ಅಷ್ಟು ಬಾಯಿಬಿಟ್ಟು ಕೇಳಿದವಳಿಗೆ ತಾರದೆ ಇರುವುದುಂಟೆ?

ಭಾನುವಾರ ಹತ್ತು ಗಂಟೆಗೆ ಎರಡು ಬಟ್ಟಲಿನ ಕ್ಯಾರಿಯರ್ ಹಿಡಿದು ಬಾಗಿಲಿಗೆ ಬಂದೆ. ಮಗ ಶಿವು ಬೈಕ್ ಒರೆಸುತ್ತಿದ್ದ. ಹಿಂದಿನ ವಾರವಷ್ಟೇ ಅದರ ಬಲಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ ಹಾಕಿಸಿದ್ದ, ಬೀಗ ಸಮೇತ.

"ಇದನ್ನ ಅದರೊಳಗೆ ಇಡೋ" ಎಂದೆ.

"ಹುಳಿ ಚೆಲ್ಲಿದ್ರೆ ತುಕ್ಕು ಹಿಡಿಯುತ್ತಮ್ಮ. ಹೊಸದು. ಮಡಿಲಲ್ಲಿ ಇಟ್ಕೋ, ಹತ್ತು ನಿಮಿಷ."

ಸೀರೆ ಉಟ್ಟವರು ಬೈಕಿನಲ್ಲಿ ಎಡಕ್ಕೆ ಕಾಲು ಬಿಟ್ಟು ಅಡ್ಡ ಕೂರಬೇಕು. ಹಿಡಿದುಕೊಳ್ಳಲು ಇರುವುದು ಬಲಗೈ ಒಂದೇ. ಎಡಗೈ ಮಡಿಲ ಸಾಮಾನಿಗೆ. ಪದ್ಮನಾಭನಗರದವರೆಗೆ ಹಾಗೇ ಸರಿಹೋಯಿತು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಅವನಿಗೆ ಸೆಕೆಯಾಯಿತು. ಹೆಲ್ಮೆಟ್ ತೆಗೆದು ಹಿಂದಕ್ಕೆ ಚಾಚಿ, "ಅಮ್ಮ, ಇದನ್ನ ಸ್ವಲ್ಪ ಹಿಡ್ಕೋ" ಎಂದ. ನಾನು ಮನುಷ್ಯಳೋ, ಗೋಡೆಗೆ ಹೊಡೆದ ಮೊಳೆಯೋ? ಇಸಿದು ಮಡಿಲಲ್ಲೇ ಇಟ್ಟುಕೊಂಡೆ. ಜಯನಗರದಲ್ಲಿ ನಿಲ್ಲಿಸಿ ಒಂದು ಡಜನ್ ಮೂಸಂಬಿ ತಂದ. ಚೀಲವನ್ನು ನನ್ನ ಮೊಣಕೈಗೆ ನೇತುಹಾಕಿದ. ಅಷ್ಟರಲ್ಲಿ ಅವನ ಸೊಂಟದ ಮೊಬೈಲು ಬಡಿದುಕೊಂಡಿತು. ನನ್ನ ಸೊಸೆ ಪೊರಕೆ ತರಲು ಹೇಳಿದಳಂತೆ. ಪೊರಕೆಯೂ ಬಂತು, ನನ್ನ ಕಂಕುಳಿಗೆ.

"ಆ ಪೆಟ್ಟಿಗೆ ಯಾತಕ್ಕೆ ಮಾಡಿಸಿದ್ಯೋ?"

"ಸಾಮಾನಿಗಮ್ಮ" ಎಂದ. ನಗಲೂ ಇಲ್ಲ.

ಜಯನಗರ ದಾಟುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಮುಂದೆ ಸಿಗ್ನಲ್ಲಿನಲ್ಲಿ ಬಿಳಿ ಅಂಗಿಯ ಪೊಲೀಸಿನವನು ಕಂಡ. ಶಿವು ಗಾಡಿ ನಿಲ್ಲಿಸಲಿಲ್ಲ. ಓಡಿಸುತ್ತಲೇ ಕೈ ಹಿಂದಕ್ಕೆ ಚಾಚಿ, "ಹೆಲ್ಮೆಟ್, ಹೆಲ್ಮೆಟ್! ಬೇಗ ಕೊಡಮ್ಮ!" ಎಂದು ಕೂಗಿದ. ಅವನ ಭುಜ ಬಿಟ್ಟು ಬಲಗೈಯಲ್ಲಿ ಹೆಲ್ಮೆಟ್ ಕೊಟ್ಟೆ. ಅದೇ ಹೊತ್ತಿಗೆ ರಸ್ತೆಯ ಉಬ್ಬು ಬಂತು. ಮೈ ಮೇಲಕ್ಕೆ ಎದ್ದಿತು. ಎಡಗೈಯಲ್ಲಿ ಸೀಟು ಹಿಡಿಯಬೇಕು, ಇಲ್ಲವೇ ಕ್ಯಾರಿಯರ್ ಹಿಡಿಯಬೇಕು. ಸೀಟು ಹಿಡಿದೆ.

ಮಜ್ಜಿಗೆಹುಳಿ ರಸ್ತೆಯಲ್ಲಿ ಹರಿಯಿತು. ನುಚ್ಚಿನುಂಡೆಗಳು ಉರುಳಿದವು, ಹಿಂದೆ ಬಂದ ಬಸ್ಸು ಅವುಗಳ ಮೇಲೆ ಹೋಯಿತು. ಆಗ ಶಿವು ಗಾಡಿ ನಿಲ್ಲಿಸಿದ. ಆಟೋದವನೊಬ್ಬ ಇಳಿದು ಬಂದು, ಸೊಟ್ಟಗಾದ ಬಟ್ಟಲು ಎತ್ತಿಕೊಟ್ಟ.

"ಅಯ್ಯೋ ಅಜ್ಜಿ, ಊಟ ಹೋಯ್ತಲ್ಲ! ಏನ್ ಗುರು, ಗಾಡಿಗೆ ಇಷ್ಟು ದೊಡ್ಡ ಡಬ್ಬ ಹಾಕ್ಸಿದ್ಯ, ಒಳಗೇನು ಚಿನ್ನ ಇಟ್ಟಿದ್ಯಾ?"

"ತೆಗೆಯೋ, ನಾನೂ ನೋಡ್ತೀನಿ" ಎಂದೆ. ಶಿವು ಮುಖ ಗಂಟಿಕ್ಕಿಕೊಂಡು ಬೀಗ ತೆಗೆದ. ಒಳಗೆ ಬೈಕ್ ಒರೆಸುವ ಹಳದಿ ಬಟ್ಟೆ ಒಂದು, ಮಡಿಸಿಟ್ಟದ್ದು. ಬೇರೆ ಏನೂ ಇಲ್ಲ. ಆಟೋದವನು ನಕ್ಕು ಹೊರಟುಹೋದ. ನನಗೆ ನಗು ಬರಲಿಲ್ಲ.

ಗೌರಿ ದಿಂಬಿಗೆ ಒರಗಿ ಕಾಯುತ್ತಿದ್ದಳು. ಬೆಳಿಗ್ಗೆಯ ಗಂಜಿಯನ್ನೂ ಬೇಡ ಎಂದಿದ್ದಳಂತೆ, ನಾನು ತರುವುದಕ್ಕೆ ಹೊಟ್ಟೆ ಖಾಲಿ ಇರಲಿ ಎಂದು. ಅವಳ ಕೈಯ ಮೂಳೆ ಎಣಿಸಬಹುದಿತ್ತು. ನಾನು ಬಾಯಿ ತೆರೆಯುವ ಮೊದಲೇ ಶಿವು, "ಅಮ್ಮನ ಕೈಲಿ ಈಗ ಶಕ್ತಿ ಇಲ್ಲ ಚಿಕ್ಕಮ್ಮ, ಕ್ಯಾರಿಯರ್ ಬೀಳಿಸಿಬಿಟ್ಟಳು" ಎಂದ.

ಗೌರಿಯ ಸೊಸೆ, "ಈ ವಯಸ್ಸಲ್ಲಿ ಯಾಕೆ ದೊಡ್ಡತ್ತೆ ಇದೆಲ್ಲ? ಸುಮ್ನೆ ಬಂದು ಹೋದ್ರೆ ಸಾಲ್ದಾ?" ಎಂದಳು.

"ನನ್ನ ಕೈಗೆ ಏನೂ ಆಗಿಲ್ಲ. ಕೈ ಇರೋದೇ ಎರಡು" ಎಂದೆ. ಯಾರಿಗೂ ಕೇಳಿಸಲಿಲ್ಲ. ಸೊಸೆ ಮೂಸಂಬಿ ಚೀಲ ಒಳಗಿಟ್ಟಳು. ಗೌರಿಗೆ ಮಾತ್ರ ಕೇಳಿಸಿತ್ತು.

"ಬಿಡಕ್ಕ, ನಂಗೆ ಹಸಿವಿಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಸುಳ್ಳಿ. ಚಿಕ್ಕಂದಿನಿಂದ ಅವಳು ಸುಳ್ಳು ಹೇಳುವುದು ಹೀಗೇ, ಮುಖ ತೋರಿಸದೆ. ಸೊಸೆ ತಂದ ಗಂಜಿ ಆರಿ ಕೆನೆಕಟ್ಟಿತು.

ವಾಪಸು ಬರುವಾಗ ಮೂಸಂಬಿ ಇರಲಿಲ್ಲ, ಹುಳಿ ಇರಲಿಲ್ಲ. ಪೊರಕೆ ಮತ್ತು ಖಾಲಿ ಕ್ಯಾರಿಯರ್ ನನ್ನ ಮಡಿಲಲ್ಲೇ ಬಂದವು.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು, ನೆನೆಹಾಕಿದ್ದ ಬೇಳೆ ರುಬ್ಬಿ, ಉಂಡೆ ಬೇಯಿಸಿ, ಮಜ್ಜಿಗೆಹುಳಿ ಕುದಿಸಿದೆ. ಮೊಳೆಯಲ್ಲಿದ್ದ ಪೆಟ್ಟಿಗೆಯ ಕೀಲಿ ತೆಗೆದುಕೊಂಡೆ. ಹಳದಿ ಬಟ್ಟೆಯನ್ನು ಗೇಟಿನ ಮೇಲೆ ಎಸೆದು, ಕ್ಯಾರಿಯರ್ ಒಳಗಿಟ್ಟು, ಅಲುಗದ ಹಾಗೆ ಸುತ್ತಲೂ ಹಳೇ ಸೀರೆ ತುರುಕಿ ಬೀಗ ಹಾಕಿದೆ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಶಿವು ಆಫೀಸಿಗೆಂದು ಹೊರಗೆ ಬಂದಾಗ ನಾನಾಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಅವನು ಮುಂದೆ ಕೂರುತ್ತಲೇ ಹೆಲ್ಮೆಟ್ ಅವನ ತಲೆಗೇ ಇಟ್ಟು, ಪಟ್ಟಿ ಬಿಗಿದು, ಎರಡೂ ಕೈಯಲ್ಲಿ ಅವನನ್ನು ಗಟ್ಟಿಯಾಗಿ ಹಿಡಿದುಕೊಂಡು, "ಗೌರಿ ಮನೆಗೆ ನಡಿ" ಎಂದೆ.